ನಿಮ್ಮ ಕೋಳಿ, ನನ್ನ ಮೊಟ್ಟೆ

ಹಾಟ್ ಯಾಯ್

ಬುಪ್ಪಾ ಅಕ್ಕಾ,

ನಾವಿಬ್ಬರೂ ಅಡುಗೆ ಕಳಿಸಿದ್ದ ಆ ಮದುವೆಯೂಟ ಉಂಡು ಊರೆಲ್ಲ ಹೊಟ್ಟೆ ಹಿಡಿದುಕೊಂಡಾಗ ನಾನು ನಿಮ್ಮ ಕೋಳಿಯನ್ನು ದೂರಿದೆ, ನೀವು ನನ್ನ ಬಾತುಮೊಟ್ಟೆಯನ್ನು ದೂರಿದಿರಿ. ಅಕ್ಕಪಕ್ಕದ ಅಂಗಡಿಯವರು ಮಾತು ಬಿಟ್ಟೆವು. ಅಷ್ಟರಲ್ಲಿ ಹೃದಯಾಘಾತವಾಗಿ ನೀವು ಹೋಗಿಯೇಬಿಟ್ಟಿರಿ.

ಇವತ್ತು ಪ್ರಯೋಗಾಲಯದ ದಾರುಣಿ ಪರೀಕ್ಷೆಯ ಫಲಿತಾಂಶ ತಂದಳು.

"ಕೋಳಿ, ಮೊಟ್ಟೆ ಎರಡರಲ್ಲೂ ಸಾಲ್ಮೊನೆಲ್ಲಾ ರೋಗಾಣು ಇತ್ತು, ಚಿಕ್ಕಮ್ಮ. ಆದ್ರೆ ಜೀನ್ ನೋಡಿದ್ರೆ ಎರಡೂ ಬೇರೆ ಬೇರೆ ವಂಶ. ಜನರ ಹೊಟ್ಟೆ ಕೆಡಿಸಿದ್ದು ಮೂರನೇದು, ಮದುಮಗನ ಚಿಕ್ಕಪ್ಪ ತಂದ ಹಂದಿಮಾಂಸದ್ದು."

"ಹಾಗಾದ್ರೆ ನಮ್ಮಿಬ್ರ ಅಡುಗೆ ಚೊಕ್ಕ ಅನ್ನು."

"ಚೊಕ್ಕ ಅಂತ ನಾನೆಲ್ಲಿ ಅಂದೆ? ಈ ಸಲ ನಿಮ್ಮ ಪುಣ್ಯ, ಅಷ್ಟೆ."

ನಗು ತಡೆಯಲಾಗದೆ, ನಿಮಗೆ ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಅಲ್ಲೀಗ ಮೊಬೈಲ್ ಕವರ್ ಮಾರುವವನು ಕೂರುತ್ತಾನೆ. ಅವನಿಗೇ ಎಲ್ಲ ಹೇಳಿದೆ. ಪಾಪ, ಮಧ್ಯಾಹ್ನ ಊಟಕ್ಕೆ ಅವನು ನನ್ನ ಅಂಗಡಿಗೆ ಬರಲಿಲ್ಲ.

ಲಮೈ