ಎರಡನೆಯ ಪ್ರತಿ

ತಾರೀಖು ಹನ್ನೆರಡು, ಬುಧವಾರ
ಮಧ್ಯಾಹ್ನ, ಟೈಪಿಂಗ್ ಕೋಣೆಯಿಂದ

ನನ್ನ ಮೇಲೆ ಮುನಿಸಿಕೊಂಡಿರುವ ಪುಟ್ಟಿಗೆ, ಅಮ್ಮ ಮಾಡುವ ಆಶೀರ್ವಾದ.

ಹರಿದು ಹಾಕಬೇಡ, ಓದು. ಬಾಗಿಲು ತಟ್ಟಿದರೆ ತೆಗೆಯುವುದಿಲ್ಲ, ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ. ಇನ್ನು ಉಳಿದದ್ದು ಕಾಗದ ಒಂದೇ. ಮೂವತ್ತು ವರ್ಷ ಸರ್ಕಾರದ ಕಾಗದವನ್ನೆಲ್ಲ ಟೈಪ್ ಮಾಡಿದವಳು ಇದನ್ನು ಮಾತ್ರ ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಸಹಿಸಿಕೋ.

ನಿನ್ನ ಸಿಟ್ಟು ನ್ಯಾಯವಾದದ್ದೇ. ಬಿಡುಗಡೆಯಾಗುವ ಕೈದಿಗಳ ಪಟ್ಟಿಯಲ್ಲಿ ನಿನ್ನ ಗಂಡನ ಹೆಸರಿದೆ, ಹದಿನೇಳನೆಯದು, ನಾಳೆಯೇ ಬರುತ್ತಾನೆ ಎಂದು ನಾನೇ ಹೇಳಿದ್ದೆ. ಎರಡು ದೇಶಗಳ ಮಾತುಕತೆಯ ಕಾಗದದ ವಿಷಯ ಹೊರಗೆ ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಆದರೂ ತಡೆಯಲಾಗದೆ ಹೇಳಿಬಿಟ್ಟೆ. ಮರುದಿನವೇ ಮಾತುಕತೆ ಮುರಿದುಬಿತ್ತು. ಹನ್ನೊಂದು ದಿನ ನೀನು ಅನ್ನ ನೀರು ಬಿಟ್ಟು ಕಾದೆ. ಕೊನೆಗೂ ಬಸ್ಸು ಬಂತು, ಗಡಿಯ ಗೇಟಿನ ಹತ್ತಿರ ನಲವತ್ತು ಜನ ಇಳಿದರು. ನೀನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ಇಳಿದ ಮೇಲೆ ನೀನೇ ಬಸ್ಸು ಹತ್ತಿ ಸೀಟುಗಳ ಸಂದಿಯಲ್ಲಿ ಹುಡುಕಿದೆ. "ಎಲ್ಲಮ್ಮಾ ಅವ್ರು?" ಎಂದು ಕೇಳಿದಾಗ, "ನಾನೇ ತಪ್ಪು ಓದ್ಕೊಂಡೆ ಕಣೇ, ಅದು ಬೇರೆ ಯಾರದೋ ಹೆಸ್ರು" ಎಂದೆ.

ಅದು ಸುಳ್ಳು. ಅಳಿಯನ ಹೆಸರನ್ನು ನಾನು ತಪ್ಪು ಓದುತ್ತೇನೆಯೇ? ಕಂಬ ಹತ್ತಿ ಕರೆಂಟಿನ ತಂತಿ ಸರಿಮಾಡುತ್ತಿದ್ದವನನ್ನು ಗಡಿಯಾಚೆಯವರು ಗೂಢಚಾರನೆಂದು ಹಿಡಿದುಕೊಂಡು ಹೋದ ದಿನದಿಂದ, ಆ ಕಡೆಯಿಂದ ಬಂದ ಪ್ರತಿ ಕಾಗದದಲ್ಲೂ ಆ ಹೆಸರನ್ನೇ ಹುಡುಕಿದ್ದೇನೆ. "ಅತ್ತೆ, ನಿಮ್ ಮೆಷಿನ್‌ಗಿಂತ ನಿಮ್ ಬಾಯೇ ಫಾಸ್ಟು" ಎಂದು ರೇಗಿಸುತ್ತಿದ್ದನಲ್ಲ, ಆ ಬಾಯಿಯನ್ನು ನಾಲ್ಕು ತಿಂಗಳಿಂದ ಬಿಗಿಹಿಡಿದುಕೊಂಡಿದ್ದೇನೆ. ಇನ್ನು ಆಗುವುದಿಲ್ಲ.

ಪುಟ್ಟಿ, ಅವನು ಇಲ್ಲ. ಕೂತುಕೊಂಡು ಓದು.

ಎರಡು ದೇಶಗಳ ಒಪ್ಪಂದವೆಂದರೆ ಎರಡು ಪ್ರತಿ ಆಗಬೇಕು. ನಮ್ಮ ಪ್ರತಿಯಲ್ಲಿ ನಮ್ಮ ದೇಶದ ಹೆಸರು ಮೊದಲು, ಅವರ ಪ್ರತಿಯಲ್ಲಿ ಅವರದು ಮೊದಲು. ಯಾರೂ ಯಾರಿಗೂ ಕಡಿಮೆಯಲ್ಲ ಎಂದು ತೋರಿಸಲು ದೊಡ್ಡವರು ಮಾಡಿಕೊಂಡ ಪದ್ಧತಿ. ಸಹಿ ಮಾಡುವ ಬೆಳಿಗ್ಗೆ ಲಕೋಟೆ ಒಡೆದು ನೋಡಿದರೆ, ಎರಡರಲ್ಲೂ ನಮ್ಮ ಹೆಸರೇ ಮೊದಲು. ಅವರ ಮುಖ್ಯಸ್ಥರು ಕಾಗದವನ್ನು ಆಚೆ ತಳ್ಳಿ, "ನಮ್ಮನ್ನೇನು ನಿಮ್ಮ ಬಾಲ ಅಂದ್ಕೊಂಡ್ರಾ?" ಎಂದು ಎದ್ದರು. ಟೈಪಿಂಗಿನಲ್ಲಿ ತಪ್ಪಾಗಿದೆ ಎಂದು ನಮ್ಮವರು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಮ್ಮ ದೊಡ್ಡ ಸಾಹೇಬರಿಗೂ ಮೂಗಿನ ತುದಿಯಲ್ಲೇ ಕೋಪ. "ಹೋಗೋರು ಹೋಗ್ಲಿ ಬಿಡಿ" ಎಂದರು.

ಅಷ್ಟರಲ್ಲಿ ನಲವತ್ತೊಂದು ಜನರನ್ನೂ ಆ ಕಡೆಯ ಗಡಿಯ ಗೋದಾಮಿಗೆ ತಂದು ಇಳಿಸಿಯಾಗಿತ್ತು. ಮಧ್ಯಾಹ್ನ ಹಸ್ತಾಂತರ ಎಂದು ಒಂದು ಹೊತ್ತಿನ ಊಟ, ಒಂದು ಡ್ರಮ್ಮು ನೀರು ಇಟ್ಟಿದ್ದರಂತೆ. ವಾಪಸ್ ಜೈಲಿಗೆ ಕರೆದೊಯ್ಯಲು ಆದೇಶವಿಲ್ಲ, ಈ ಕಡೆ ಕಳಿಸಲು ಸಹಿಯಿಲ್ಲ. ಡ್ರಮ್ಮಿಗೆ ಯಾವ ನೀರು ತುಂಬಿದರೋ, ನಾಲ್ಕನೆಯ ದಿನ ವಾಂತಿಭೇದಿ ಶುರುವಾಯಿತು. ಡಾಕ್ಟರನ್ನು ಯಾರೂ ಕಳಿಸಲಿಲ್ಲ. ಒಂಬತ್ತನೆಯ ದಿನ ಅವನು ಹೋದ.

ನನಗೆ ಇದು ಗೊತ್ತಾದದ್ದು ಪಟ್ಟಿ ತಾಳೆ ನೋಡುವಾಗ. ಮಾತುಕತೆ ಮತ್ತೆ ಶುರುವಾದ ದಿನ ಎರಡೂ ಕಡೆಯ ಟೈಪಿಸ್ಟುಗಳು ಎದುರುಬದುರು ಕೂತೆವು. ಅವಳು ಓದಬೇಕು, ನಾನು ಗುರುತು ಹಾಕಬೇಕು. ನನ್ನ ವಯಸ್ಸಿನವಳೇ, ದಪ್ಪ ಕನ್ನಡಕದವಳು. ಹದಿನಾರು ಓದಿ ಹದಿನೆಂಟಕ್ಕೆ ಹೋದಳು. "ಹದಿನೇಳು?" ಎಂದೆ. ತಲೆ ಎತ್ತದೆ, "ಹೋಗ್ಬಿಟ್ರು ಅಕ್ಕಾ" ಎಂದು ಆ ಗೋದಾಮಿನ ಕಥೆಯನ್ನು ಪಿಸುದನಿಯಲ್ಲಿ ಹೇಳಿದಳು. ಅವನು ನನಗೆ ಏನಾಗಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಉಳಿದ ಇಪ್ಪತ್ತನಾಲ್ಕು ಹೆಸರಿಗೂ ಗುರುತು ಹಾಕಿದೆ. ಹೇಗೆ ಹಾಕಿದೆನೋ ನನಗೇ ಗೊತ್ತಿಲ್ಲ.

ಸಾಹೇಬರು ನನ್ನನ್ನು ಕರೆದು, ಸಾವಿನ ಸುದ್ದಿ ಹೊರಬಿದ್ದರೆ ಬೀದಿ ಹೊತ್ತಿ ಉರಿಯುತ್ತದೆ, ಆಮೇಲೆ ಈ ನಲವತ್ತು ಜನರೂ ಬರುವುದಿಲ್ಲ ಎಂದರು. ಆ ನಲವತ್ತು ಜನ ಬಂದರು. ಬಂದವರ ಬಾಯಿಯನ್ನೂ ಕಟ್ಟಿದ್ದರು. ಆಮೇಲೆ ಎರಡೂ ಕಡೆ ಸೆರೆಯಲ್ಲಿ ಸತ್ತವರ ದೇಹಗಳನ್ನು ಅವರವರ ಮನೆಗೆ ಒಪ್ಪಿಸುವ ಮಾತುಕತೆ ಶುರುವಾಯಿತು, ಅದು ಮುಗಿಯುವ ತನಕ ಸುಮ್ಮನಿರು ಎಂದರು. ನಿನ್ನೆ ಅದೂ ಒಪ್ಪಂದವಾಯಿತು. ಹೆಂಡತಿ ಸಹಿ ಮಾಡಬೇಕಾದ ಅರ್ಜಿ ಇದರ ಜೊತೆಗಿದೆ.

ಮಾತುಕತೆ ನಿಲ್ಲಿಸಿ ಎಂದು ಕೂಗುವವರ ಜೊತೆ ನೀನೂ ಗೇಟಿನ ಮುಂದೆ ಕೂರುತ್ತಿದ್ದೀಯಂತೆ. ಬೇಡ ಕಣೇ. ಎರಡೂ ಕಡೆಯ ದೊಡ್ಡವರು ಮಾತಾಡುವುದು ಬಿಟ್ಟ ಹನ್ನೊಂದು ದಿನದಲ್ಲೇ ಅವನು ಹೋದದ್ದು. ಅವರು ಅಯೋಗ್ಯರೇ ಇರಬಹುದು, ಆದರೂ ಮೇಜಿನ ಮುಂದೆ ಕೂತಿರಲಿ. ಬಯ್ಯಬೇಕೆಂದಿದ್ದರೆ ನನ್ನನ್ನು ಬಯ್ಯಿ.

ಯಾಕೆಂದರೆ ಆ ಎರಡು ಪ್ರತಿ ಟೈಪ್ ಮಾಡಿದವಳು ನಾನೇ. ಮೂವತ್ತು ವರ್ಷದ ರೂಢಿ, ಎರಡನೆಯದರಲ್ಲೂ ಬೆರಳು ತಾನಾಗಿ ನಮ್ಮ ಹೆಸರನ್ನೇ ಮೊದಲು ಹೊಡೆಯಿತು. ನಾನು ಗಮನಿಸಲಿಲ್ಲ, ಸಾಹೇಬರು ತಿರುವಿಯೂ ನೋಡಲಿಲ್ಲ. ಅದು ಬೇಕೆಂದೇ ಮಾಡಿದ ಅವಮಾನ ಎಂದು ಆ ಕಡೆಯವರು ಈಗಲೂ ನಂಬಿದ್ದಾರೆ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಅರ್ಜಿಗೆ ಸಹಿ ಮಾತ್ರ ಮಾಡು. ಅವನನ್ನು ಮನೆಗೆ ಕರೆದುಕೊಂಡು ಬರೋಣ.

ನಿನ್ನನ್ನು ಹೆತ್ತ ಪಾಪಿ,
ಅಮ್ಮ

ತಾ.ಕ.: ಗಮನಿಸಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದನ್ನು ಹೊಡೆದುಹಾಕು. ಲಕೋಟೆಗೆ ಹಾಕುವಾಗಲೇ ತಪ್ಪು ಕಣ್ಣಿಗೆ ಬಿತ್ತು. ಎಂಟು ಪುಟವನ್ನೂ ಮತ್ತೆ ಟೈಪ್ ಮಾಡಲು ಎರಡು ಗಂಟೆ ಬೇಕಿತ್ತು, ಐದೂವರೆಯ ಬಸ್ಸು ತಪ್ಪಿಹೋಗುತ್ತಿತ್ತು. ಬೆಳಿಗ್ಗೆ ಬೇಗ ಬಂದು ಸರಿಮಾಡಿದರಾಯಿತು ಎಂದುಕೊಂಡು ಅಂಟಿಸಿಟ್ಟೆ. ಬೆಳಿಗ್ಗೆ ಬರುವಷ್ಟರಲ್ಲಿ ಲಕೋಟೆಯನ್ನು ಒಳಗೆ ತೆಗೆದುಕೊಂಡು ಹೋಗಿದ್ದರು. ನಿನ್ನ ಗಂಡ ಬರುತ್ತಾನೆ ಎಂದು ಆ ಸಂಜೆಯೇ ನಿನಗೆ ಹೇಳಬೇಕೆಂದು ಓಡಿ ಬಂದಿದ್ದೆ, ಪುಟ್ಟಿ.