ನಾಲ್ಕನೇ ಜ್ವರದ ದಿನ, ನಿನ್ನ ಕಲ್ಮನೆಗೆ

ಅಕ್ಕಾ,

ನೀನು ಹೋದ ಮೇಲೆ ನಿನಗೆ ಕಾಗದ ಬರೆಯುತ್ತಾ ಕೂತಿರುವುದನ್ನು ನೋಡಿದರೆ ಮನೆಯವರು ನನಗೆ ತಲೆ ಕೆಟ್ಟಿದೆ ಅಂದಾರು. ಅನ್ನಲಿ. ಓದು ಬಾರದವಳಿಗೆ ಕಾಗದ ಯಾಕೆ ಅಂತ ನೀನೂ ನಗುತ್ತಿದ್ದೆ. ಪೇಪರಿನಲ್ಲಿ ಬಂದದ್ದನ್ನೆಲ್ಲ ನಿನಗೆ ನಾನೇ ಓದಿ ಹೇಳುತ್ತಿದ್ದೆನಲ್ಲ, ಇದನ್ನೂ ಹಾಗೇ ಓದಿ ಹೇಳುತ್ತಿದ್ದೇನೆ ಅಂದುಕೋ. ಬರುವ ಶುಕ್ರವಾರ ನಮ್ಮ ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂರುತ್ತವೆ. ಅವತ್ತು ನಾನು ನಿನ್ನ ಕಲ್ಮನೆ ನೋಡಲು ಹೋಗಬೇಕು ಅಂತಿದ್ದೇನೆ. ಅದಕ್ಕೆ ಮೊದಲು ನಿನಗೆ ಒಂದು ಮಾತು ಹೇಳಿಕೊಳ್ಳಬೇಕು.

ನಾನು ಈ ಮನೆಗೆ ಕಿರಿಸೊಸೆಯಾಗಿ ಬಂದ ಹೊಸತು. ನೀನು ಹಿರಿಸೊಸೆ, ನನ್ನ ಓರಗಿತ್ತಿ. ಇಬ್ಬರೂ ಜಗಲಿಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಾಗ ನೀನು ಮೊದಲ ಸಲ ಆ ಮನೆಯ ಮಾತೆತ್ತಿದ್ದೆ. ಸಾವನದುರ್ಗದ ತಪ್ಪಲಲ್ಲಿ, ನಿಮ್ಮೂರ ಹಿಂದೆ ಕುರಿ ಮೇಯುವ ಕಾವಲಿನಲ್ಲಿ, ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆ. ಮುಂದಿನ ಕಲ್ಲಿಗೆ ಒಂದು ದುಂಡನೆಯ ಕಿಂಡಿ. ಕುರಿ ಕಾಯುವಾಗ ಮಳೆ ಬಂದರೆ ನೀನು ಮರಿಯೊಂದನ್ನು ಎದೆಗವಚಿಕೊಂಡು ಆ ಕಿಂಡಿಯಲ್ಲಿ ತೂರಿ ಒಳಗೆ ಕೂರುತ್ತಿದ್ದೆಯಂತೆ. ಪಾಂಡವರು ವನವಾಸದಲ್ಲಿ ಕಟ್ಟಿದ್ದು ಅಂದೆ. ಅಷ್ಟು ಸಣ್ಣ ಮನೆಯಲ್ಲಿ ಐದು ಜನ ಗಂಡಸರು ಹೇಗಿದ್ದರಕ್ಕ ಅಂತ ನಾನು ರೇಗಿಸಿದೆ. ನೀನು ನಮ್ಮ ಮನೆಯೊಳಗೆ ಕೈ ತೋರಿಸಿದೆ. ನಡುಮನೆ, ಕೋಣೆ, ಎಲ್ಲ ಕಡೆ ಹುಳುವಿನ ತಟ್ಟೆಗಳು. ನಮ್ಮ ಹಾಸಿಗೆ ಜಗಲಿಯಲ್ಲಿ. "ನಾವು ಹುಳಕ್ಕೆ ಮನೆ ಬುಟ್ಕೊಟ್ಟು ಇಲ್ಲಿಲ್ವಾ? ಹಂಗೇಯ" ಅಂದೆ. ಅವತ್ತು ಎಷ್ಟು ನಕ್ಕಿದ್ದೆವು.

ಆದರೆ ಅಕ್ಕ, ಅದು ಏನು ಅಂತ ನನಗೆ ಅವತ್ತೇ ಗೊತ್ತಿತ್ತು. ಚನ್ನಪಟ್ಟಣದಲ್ಲಿ ಹೈಸ್ಕೂಲು ಓದುವಾಗ ಚರಿತ್ರೆಯ ಮೇಷ್ಟ್ರು ಬೋರ್ಡಿನ ಮೇಲೆ ಅಂಥದ್ದೇ ಚಿತ್ರ ಬರೆದಿದ್ದರು. ಜನ ಪಾಂಡವರ ಮನೆ ಅನ್ನುತ್ತಾರೆ, ನಿಜವಾಗಿ ಅವು ಸಾವಿರಾರು ವರ್ಷದ ಹಿಂದಿನವರ ಗೋರಿಗಳು, ಒಳಗೆ ಮೂಳೆ ಮಡಕೆ ಸಿಗುತ್ತವೆ ಅಂದಿದ್ದರು. ಆ ಮಾತು ನಾಲಿಗೆ ತುದಿಗೆ ಬಂತು. ನಿನ್ನ ಮುಖ ನೋಡಿ ನುಂಗಿಕೊಂಡೆ. ಆಮೇಲೆ ನೀನು ಎಷ್ಟು ಸಲ ಹೇಳಿದರೂ ನಾನು ಬಾಯಿ ಬಿಡಲಿಲ್ಲ.

ಒಂದು ಗೌರಿಹಬ್ಬಕ್ಕೆ ನನ್ನ ತವರಿನಿಂದ ಬಾಗಿನ ಬಂದಿತ್ತು. ನಿನಗೆ ಬಂದಿರಲಿಲ್ಲ. ಅಪ್ಪ ಅವ್ವ ಹೋಗಿ, ಅಣ್ಣಂದಿರು ಕುರಿ ಮಾರಿ, ಮನೆ ಮಾರಿ, ಬಿಡದಿ ಕಡೆ ಕೂಲಿ ಹುಡುಕಿಕೊಂಡು ಹೋಗಿದ್ದರು. ನಾನು ನನ್ನ ಮೊರದಲ್ಲಿದ್ದ ಬಳೆ ಅರ್ಧ ನಿನಗೆ ಕೊಟ್ಟೆ. ತೊಟ್ಟುಕೊಳ್ಳುತ್ತಾ ನೀನು ಹೇಳಿದ್ದು ಇದು: "ನಂಗೆ ತವರು ಅಂತ ಉಳ್ದಿರೋದು ಆ ಕಲ್ಮನೆ ಒಂದೇಯ ಕಣೆ ಜಯಿ. ಒಂದ್ಸಲ ನಿನ್ನ ಕರ್ಕೊಂಡೋಗಿ ತೋರಿಸ್ಬೇಕು." ನಾನು ಆಗಲಿ ಅಂದೆ. ಮಾತು ಕೊಟ್ಟೆ ಅಂತಲೇ ಅಂದುಕೋ.

ಆದರೆ ಬಿಡುವು ಎಲ್ಲಿತ್ತು ಹೇಳು? ರೇಷ್ಮೆ ಏರಿದ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾದವು. ಒಂದು ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ಮುಂದಿನ ಬೆಳೆಯ ಮೊಟ್ಟೆ ಮನೆಗೆ ಬಂದಿರುತ್ತಿತ್ತು. ಹುಳು ಪೊರೆ ಬಿಡುವ ದಿನ ಮಾತ್ರ ನಮಗೆ ಉಸಿರು. ಜ್ವರಕ್ಕೆ ಕೂತವೆ ಅನ್ನುತ್ತಿದ್ದೆವಲ್ಲ, ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ. ನಾಲ್ಕನೇ ಜ್ವರ ಎಲ್ಲಕ್ಕಿಂತ ಉದ್ದ, ಇಡೀ ಒಂದು ದಿನ. ನಾವು ಬೆರಳು ಮಡಚಿ ಎಣಿಸಿದೆವು. ಆ ಬೆಳೆಯ ನಾಲ್ಕನೇ ಜ್ವರ ಭಾನುವಾರ ಬೀಳುತ್ತಿತ್ತು. ಬೆಳಗಿನ ಮಾಗಡಿ ಬಸ್ಸಿಗೆ ಹೋಗಿ, ಸಂಜೆಗೆ ವಾಪಸು. ಬುತ್ತಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ನೀನು ಆ ಕಿಂಡಿಯಲ್ಲಿ ಈಗಲೂ ತೂರುತ್ತೀನಾ ಅಂತ ಸೊಂಟ ಅಳೆದು ನೋಡಿಕೊಂಡಿದ್ದೆ.

ಆ ವಾರವೇ ನನ್ನ ತಮ್ಮ ಕಾಗದ ಬರೆದ. ಮನೆಗೆ ಟೀವಿ ತಂದಿದ್ದೇವೆ, ಭಾನುವಾರ ಸಿನಿಮಾ ಹಾಕುತ್ತಾರೆ, ಬಾ ಅಂತ. ಬೇರೆ ಏನೂ ಇಲ್ಲ ಅಕ್ಕ. ಅವ್ವನಿಗೆ ಹುಷಾರಿಲ್ಲ ಅಂತ ಬರೆದಿದ್ದರೆ ನನ್ನ ಪಾಪ ಒಂದಿಷ್ಟು ಕಡಿಮೆಯಾಗುತ್ತಿತ್ತೇನೋ. ಟೀವಿ! ನಾಲ್ಕು ದಿನ ಅದೇ ಗುಂಗು. ಬರಲ್ಲ ಅಂತ ನಿನ್ನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಎಲ್ಲರೂ ಮುದ್ದೆಗೆ ಕೂತಿದ್ದಾಗ, ಏನೋ ನೆನಪಾದವಳ ಹಾಗೆ, "ಅದು ಪಾಂಡವರ ಮನೆ ಅಲ್ವಂತೆ ಅತ್ತೆ, ಹಳೇ ಕಾಲದ ಗೋರಿಯಂತೆ" ಅಂದುಬಿಟ್ಟೆ. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು.

ಅತ್ತೆ ಏನು ಹೇಳುತ್ತಾರೆ ಅಂತ ಗೊತ್ತಿದ್ದೇ ಅಂದೆ. ಹುಳುವಿನ ಮೈಲಿಗೆಯ ವಿಷಯದಲ್ಲಿ ಅವರದು ಎಂಥ ಕಟ್ಟುನಿಟ್ಟು! ಹೊಗೆಸೊಪ್ಪು ಹಾಕಿದವರನ್ನೇ ಬಾಗಿಲಿಗೆ ಸೇರಿಸದವರು. ಕೈ ತೊಳೆದು ಎದ್ದು ನಿಂತು ಅಂದರು: "ಗೋರಿ ತುಳ್ದವರು ಈ ಬೆಳೆ ಗೂಡು ಕಟ್ಟೋಗಂಟ ಹುಳದ ಮನೆ ಹೊಸ್ಲು ದಾಟಂಗಿಲ್ಲ." ನಾಲ್ಕನೇ ಜ್ವರ ಎದ್ದ ಮೇಲೆ ಹುಳು ರಾಕ್ಷಸರಂತೆ ತಿನ್ನುತ್ತವೆ, ಹಿರಿಸೊಸೆ ಹೊರಗೆ ಕೂತರೆ ಬೆಳೆಯೇ ಕೈಬಿಟ್ಟ ಹಾಗೆ. ನೀನು ನನ್ನ ಕಡೆ ನೋಡಿದೆ. ಬಂದ ಮೇಲೆ ಸ್ನಾನ ಮಾಡಿದರೆ ಆಗಲ್ವಾ ಅತ್ತೆ ಅಂತ ನಾನಾದರೂ ಕೇಳಲಿ ಅಂತ ತಾನೇ? ನಾನು ತಟ್ಟೆಯಲ್ಲಿದ್ದ ಸಾರು ನೋಡುತ್ತಾ ಕೂತೆ.

ಭಾನುವಾರ ಬೆಳಿಗ್ಗೆ ನೀನು ರೊಟ್ಟಿ ತಟ್ಟಿದೆ. ಯಾಕೆ ಅಂತ ಕೇಳಿದರೆ, ಹಿಟ್ಟು ಕಲಸಿಟ್ಟಾಗಿತ್ತು ಅಂದೆ. ಅದನ್ನೇ ಬಟ್ಟೆಯಲ್ಲಿ ಕಟ್ಟಿ, ಚಟ್ನಿ ಜೊತೆ ನನ್ನ ಕೈಗಿಟ್ಟು, ತವರಿಗೆ ಹೊರಟವಳನ್ನು ಚನ್ನಪಟ್ಟಣದ ಬಸ್ಸು ಹತ್ತಿಸಿದೆ. ಅವತ್ತು ಸಿನಿಮಾ ಅರ್ಧಕ್ಕೇ ಕರೆಂಟು ಹೋಯಿತು. ಮಾರನೆಯ ದಿನ ಬೆಳಿಗ್ಗೆ ಬಂದವಳನ್ನು ಕೂರಿಸಿಕೊಂಡು ನೀನು ಕಥೆ ಕೇಳಿದೆ. ಕೊನೆಗೆ ಏನಾಯಿತು ಅಂತ ಕೇಳಿದಾಗ, ಎಲ್ಲರೂ ಒಂದಾದರು ಅಂತ ಸುಳ್ಳು ಹೇಳಿದೆ. ನೀನು ನಂಬಿದೆ. ಆ ಕಲ್ಮನೆಯ ಮಾತು ಮಾತ್ರ ಮತ್ತೆ ಯಾವತ್ತೂ ಎತ್ತಲಿಲ್ಲ.

ಆಮೇಲೆ ಎರಡು ಮಳೆಗಾಲ. ಹುಳುವಿನ ಮನೆಗೆ ರೋಗ ಬಾರದ ಹಾಗೆ ಹೊಡೆಯುವ ಫಾರ್ಮಾಲಿನ್ ಘಾಟು, ಕಸದ ಧೂಳು, ನಿನ್ನ ಉಬ್ಬಸ. ಡಾಕ್ಟರು ಒಳಗೆ ಹೋಗಬೇಡ ಅಂದಿದ್ದರು. ಹೋಗದೆ ಇರಲು ಯಾರು ಬಿಟ್ಟರು? ನಾನು ಬಿಟ್ಟೆನಾ? ನೀನು ಉಸಿರು ನಿಲ್ಲಿಸಿದ ದಿನವೂ ಹುಳು ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ನಿನ್ನನ್ನು ಮಣ್ಣು ಮಾಡಿ ಗಂಡಸರು ಬಂದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಅತ್ತೆ ಒದ್ದೆ ತಲೆಯಲ್ಲಿ ನನ್ನ ಮುಂದೆ ಬಂದು ನಿಂತು, "ತಲೆ ಮ್ಯಾಲೆ ನೀರು ಹುಯ್ಕೊಂಡು ಬಾ. ಹುಳ ಹಸ್ಕೊಂಡವೆ" ಅಂದರು.

ಕೇಳಿಸಿತಾ ಅಕ್ಕ? ಎರಡು ಬಿಂದಿಗೆ ನೀರು. ನಿನ್ನ ಹೆಣ ಮಲಗಿದ್ದ ಮನೆಯಲ್ಲಿ ಮೈಲಿಗೆ ಕಳೆಯಲು ಅಷ್ಟು ಸಾಕಾಯಿತು. ಈ ಹುಳುಗಳೆಲ್ಲ ಸಾಯಲಿ ಅಂತ ಸೊಪ್ಪು ಹಾಕುತ್ತಾ ಬೇಡಿಕೊಂಡೆ. ಒಂದೂ ಸಾಯಲಿಲ್ಲ. ಕಲ್ಲಿನಂಥ ಗಟ್ಟಿ ಗೂಡು ಬಂತು. ನಮ್ಮ ಮನೆಯಲ್ಲಿ ಅಂಥ ಬೆಳೆ ಆಗಿರಲೇ ಇಲ್ಲ ಅಂತ ಊರೆಲ್ಲ ಹೇಳಿತು. ನನಗೆ ಆ ಗೂಡು ಮುಟ್ಟಲೂ ಹೇಸಿಗೆಯಾಯಿತು.

ಮೊನ್ನೆ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಮಂಜಾಗಿದೆ, ಈಗ ಎಲ್ಲವೂ ಕೈಯಂದಾಜು. ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಗೋರಿ ಅಂದದ್ದು ಬಾಯಿ ತಪ್ಪಿ ಅಲ್ಲ, ಬೇಕು ಅಂತಲೇ ಅಂದೆ, ಟೀವಿ ನೋಡುವ ಆಸೆಗೆ ಅಂದೆ ಅಂತ. ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣವ್ವ" ಅಂದರು. "ಅವ್ಳಿಗೂ ಗೊತ್ತಿತ್ತು."

ಆ ಭಾನುವಾರ ನೀನು ರೊಟ್ಟಿ ತಟ್ಟುತ್ತಿದ್ದಾಗ ಅತ್ತೆಗೇ ಮನಸ್ಸು ತಡೆಯದೆ, ಜಯ ಟೀವಿ ಆಸೆಗೆ ಹಂಗಂದ್ಳು ಕಣೆ ಅಂತ ನಿನಗೆ ಹೇಳಿದರಂತೆ. ಅದಕ್ಕೆ ನೀನು ಹೇಳಿದ್ದನ್ನು ಅತ್ತೆ ನಿನ್ನ ಥರವೇ ಹೇಳಿ ತೋರಿಸಿದರು: "ಹೋಗ್ಲಿ ಬುಡಿ ಅತ್ತೆ. ಅವ್ಳಿಗೆ ಹೋಗಾಕೆ ತವರೈತೆ, ಹೋಗ್ಬರ್ಲಿ."

ಗೊತ್ತಿದ್ದೂ ರೊಟ್ಟಿ ಕಟ್ಟಿಕೊಟ್ಟೆಯಾ? ಗೊತ್ತಿದ್ದೂ ಆ ಸಿನಿಮಾದ ಕಥೆ ಕೇಳಿದೆಯಾ? ಒಂದು ಸಲ ಬೈದಿದ್ದರೆ, ಎರಡು ದಿನ ಮಾತು ಬಿಟ್ಟಿದ್ದರೆ ನಾನು ಹೇಗೋ... ಇರಲಿ. ಈಗ ಕೇಳಿ ಏನು ಬಂತು.

ಶುಕ್ರವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಸಾವನದುರ್ಗದ ದಾರಿಯಲ್ಲಿ ಇಳಿದು, ಕುರಿ ಕಾಯುವವರನ್ನು ಕೇಳಿಕೊಂಡು ಕಾವಲಿಗೆ ಹೋಗುತ್ತೇನೆ. ಎರಡು ರೊಟ್ಟಿ, ಹುಚ್ಚೆಳ್ಳು ಚಟ್ನಿ. ಕಿಂಡಿಯಲ್ಲಿ ತೂರಲು ನನ್ನ ಕೈಲಾಗದು, ದಪ್ಪ ಆಗಿದ್ದೇನೆ. ಕೈ ಚಾಚಿ ನಿನ್ನ ರೊಟ್ಟಿಯನ್ನು ಒಳಗಿಟ್ಟು, ಹೊರಗೆ ಕೂತು ನನ್ನದನ್ನು ತಿನ್ನುತ್ತೇನೆ. ಆ ಸಿನಿಮಾದ ಕೊನೆ ನನಗೂ ಗೊತ್ತಿಲ್ಲ ಅಂತ ಅಲ್ಲೇ ಹೇಳುತ್ತೇನೆ.

ಹೋಗುವ ವಿಷಯ ಹೇಳಿದಾಗ ಅತ್ತೆ ಬೇಡ ಅನ್ನಲಿಲ್ಲ. ಬಂದ ಮೇಲೆ ತಲೆ ಮೇಲೆ ನೀರು ಹುಯ್ದುಕೊಂಡು ಹುಳುವಿನ ಮನೆಗೆ ಹೋಗು ಅಂದರು, ಅಷ್ಟೇ. ಹೂಂ ಅಂದಿದ್ದೇನೆ. ಆದರೆ ಹುಯ್ದುಕೊಳ್ಳುವುದಿಲ್ಲ. ಅಕ್ಕನ ತವರಿಗೆ ಹೋಗಿ ಬಂದವಳು ಯಾಕೆ ಸ್ನಾನ ಮಾಡಬೇಕು? ಕಾಲು ತೊಳೆದುಕೊಂಡು ಒಳಗೆ ಹೋಗಿ, ಜ್ವರ ಎದ್ದ ಹುಳುಗಳಿಗೆ ಸೊಪ್ಪು ಹಾಕುತ್ತೇನೆ.

ನಿನ್ನ ಜಯಿ