ವಿಮೆ ಆಫೀಸಲ್ಲಿ ಸಿಳ್ಳೆ ಹೊಡೆದ ಎದೆ

ಅಕ್ಕಾ, ನಿನ್ನ ತಮ್ಮ ಕ್ಷೇಮ, ಈ ಸಲ ನಿಜವಾಗ್ಲೂ.

ಆರೋಗ್ಯ ವಿಮೆ ಇಲ್ದೆ ಇಲ್ಲಿ ಹೊರದೇಶದವರಿಗೆ ಇರೋಕೆ ಪರ್ಮಿಟ್ ಕೊಡಲ್ಲ. ಬೇಕರಿಯ ಜೊತೆಗಾರರೆಲ್ಲ ಅಗ್ಗದ್ದು ತಗೊಂಡಿದ್ದಾರೆ. ಅದರಲ್ಲಿ ಹಳೇ ಕಾಯಿಲೆಗೆ ಕಾಸೂ ಹುಟ್ಟಲ್ಲ. ನಾನೂ ಅದಕ್ಕೇ ಹೋದೆ. ವಿಮೆ ಮಾಡಿಸೋ ಹೆಂಗಸು "ಮೊದಲಿಂದ ಏನಾದ್ರೂ ಕಾಯಿಲೆ ಇದೆಯಾ?" ಅಂತ ಕೇಳಿದ್ರು. ಹೆಣ್ಣಿನ ಕಡೆಯವರ ಮುಂದೆ ಹೇಳೋಕೆ ಅಮ್ಮ ಕಲಿಸಿದ ಹಾಗೇ, "ಏನೂ ಇಲ್ಲ, ಗುಂಡುಕಲ್ಲಿನ ಹಾಗಿದ್ದೀನಿ" ಅಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟು, "ಮೆಟ್ಟಿಲು ಹತ್ತಿ ಬಂದಾಗಿಂದ ನಿಮ್ಮೆದೆ ಸಿಳ್ಳೆ ಹೊಡೀತಿದೆಯಲ್ಲ, ಯಾರನ್ನ ಕರೀತಿದೆ?" ಅಂದ್ರು! ನಗು ತಡೆಯೋಕಾಗ್ಲಿಲ್ಲ, ಉಬ್ಬಸ ಇದೆ ಅಂತ ಬಾಯಿಬಿಟ್ಟೆ. ಇನ್ನು ಗಂಟುಮೂಟೆ ಕಟ್ಟೋದೇ ಅಂದುಕೊಂಡ್ರೆ, ಉಬ್ಬಸಕ್ಕೂ ಆಗೋ ಇನ್ನೊಂದು ವಿಮೆ ತೋರಿಸಿದ್ರು. ತಿಂಗಳಿಗೆ ಸ್ವಲ್ಪ ಜಾಸ್ತಿ, ಆದ್ರೆ ಡಾಕ್ಟರು, ಉಸಿರಿಗೆ ಎಳೆಯೋ ಪಂಪು ಎಲ್ಲದರ ಖರ್ಚೂ ಅವರದೇ. ಇವತ್ತು ಒಪ್ಪಿಗೆ ಬಂತು. ಎಷ್ಟು ಹಗುರ ಆಯ್ತು ಗೊತ್ತಾ!

ಇನ್ಮೇಲೆ ಸಾಕ್ಸ್ ಒಳಗೆ ಪಂಪು ಬಚ್ಚಿಟ್ಟು ಕಳಿಸಬೇಡ, ಬರೀ ಸಾಕ್ಸ್ ಕಳಿಸು. "ಪೋಸ್ಟ್‌ಕಾರ್ಡಲ್ಲಿ ಕಾಯಿಲೆ ಬರೀತಾನಲ್ಲ, ಯಾರಾದ್ರೂ ಓದಿದ್ರೆ ಇವನಿಗೆ ಹೆಣ್ಣು ಯಾರು ಕೊಡ್ತಾರೆ?" ಅಂತ ಅಮ್ಮ ಬಯ್ತಾಳೆ. ಪೋಸ್ಟ್‌ಮ್ಯಾನ್ ಆಗಲೇ ಓದಿಯಾಯ್ತು ಅಂತ ಹೇಳು.

ನಿನ್ನ ಪುಟ್ಟ